ಲಾಡ್ಜಿನ ಟಿವಿ ಬಿಟ್ಟುಕೊಟ್ಟ ಗುಟ್ಟು

“ಸಾಲದ ತಾಪತ್ರಯ ಏನಾದರೂ ಇದ್ದರೆ ಹೇಳು ಮಾರಾಯ, ನಾವೇನು ಹೊರಗಿನವರಾ?” ಎಂದು ಭಾವ ಫೋನಿನಲ್ಲಿ ಕೇಳಿದಾಗ ತಬ್ಬಿಬ್ಬಾದೆ. ನನ್ನ ಕೆಲಸ ಹೋದ ವಿಷಯ ಹೆಂಡತಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅನುಮಾನ ನೇರವಾಗಿ ಅವಳ ಮೇಲೆಯೇ ಹೋಯಿತು. ಆ ರಾತ್ರಿಯ ಜಗಳವನ್ನು ಇಲ್ಲಿ ಬರೆಯುವುದಿಲ್ಲ. ನಾನಾಡಿದ ಮಾತು ಅವಳ ಲೆಕ್ಕದಲ್ಲಿ ಇನ್ನೂ ಬಾಕಿ ಇದೆ.

ಗುಟ್ಟು ಬಿಟ್ಟುಕೊಟ್ಟದ್ದು ಕುಂದಾಪುರದ ಒಂದು ಲಾಡ್ಜಿನ ಟಿವಿ. ನೆಂಟರ ಮದುವೆಗೆ ಹೋಗಿದ್ದೆವು. ರಾತ್ರಿ ಅಮ್ಮನಿಗೆ ನಿದ್ದೆ ಬರಲಿಲ್ಲ, ತಾಳಮದ್ದಲೆ ಹಾಕು ಎಂದಳು. ಯೂಟ್ಯೂಬ್‌ನಲ್ಲಿ ಹಾಕಿದೆ. ಅರ್ಥಧಾರಿ ಕರ್ಣನ ಅಳಲನ್ನು ಕಟ್ಟುತ್ತಾ ಕಟ್ಟುತ್ತಾ ಸ್ವರ ಏರಿಸುವ ಹೊತ್ತಿಗೆ ಸರಿಯಾಗಿ ಬನಿಯನ್ ಜಾಹೀರಾತು ಬಂತು. ನನ್ನ ಖಾತೆಯಲ್ಲಿ ಪ್ರೀಮಿಯಂ ಇದೆಯಲ್ಲ, ಜಾಹೀರಾತಿನ ಕಾಟವೇ ಇರುವುದಿಲ್ಲ ಎಂದು ಲಾಗಿನ್ ಒತ್ತಿದೆ. ಪರದೆಯ ಮೇಲೆ ಕ್ಯೂಆರ್ ಕೋಡ್ ಮೂಡಿತು. ಫೋನ್ ಹಿಡಿದು, ‘ಹೌದು’ ಎಂದು ಬೆರಳಿಟ್ಟೆ. ಪಾಸ್‌ವರ್ಡನ್ನೇ ಕೇಳಲಿಲ್ಲವಲ್ಲ, ಎಷ್ಟು ಸುರಕ್ಷಿತ ಎಂದು ಮನಸ್ಸಿನಲ್ಲೇ ಬೀಗಿದ್ದೂ ಹೌದು. ಬೆಳಗಿನ ಜಾವ, ಆಫೀಸಿದೆ ಎಂದು ನೆಂಟರೆದುರು ಸುಳ್ಳು ಹೇಳಿ ಬೆಂಗಳೂರಿನ ಬಸ್ಸು ಹಿಡಿದೆ. ಇಂಟರ್‌ವ್ಯೂ ಇತ್ತು. ಬೀಗರ ಊಟದ ತನಕ ರೂಮು ಖಾಲಿ ಬಿಡುವುದೇಕೆ ಎಂದು ಅಕ್ಕ, ಭಾವ ಮತ್ತು ಮಕ್ಕಳು ಅಲ್ಲಿಗೆ ಬಂದು ಇಳಿದರು.

ಮಕ್ಕಳು ಕಾರ್ಟೂನ್ ಹುಡುಕಲು ರಿಮೋಟ್ ಒತ್ತಿದ್ದಾರೆ. ಟಿವಿಯ ಯೂಟ್ಯೂಬ್‌ನಲ್ಲಿ ಹುಡುಕುವ ಪುಟ ತೆರೆದರೆ, ಏನೂ ಟೈಪ್ ಮಾಡುವ ಮೊದಲೇ ಆ ಖಾತೆಯ ಹಳೆಯ ಹುಡುಕಾಟಗಳು ಸಾಲಾಗಿ ನಿಲ್ಲುತ್ತವೆ. ‘ಗೃಹಸಾಲದ ಕಂತು ಮೂರು ತಿಂಗಳು ಕಟ್ಟದಿದ್ದರೆ ಬ್ಯಾಂಕ್ ಏನು ಮಾಡುತ್ತದೆ’ ಎಂಬುದು ಮೇಲೆಯೇ ಇತ್ತಂತೆ. ಅದರ ಕೆಳಗೆ ಇನ್ನೇನೇನಿತ್ತು ಎಂದು ಭಾವನನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಅಕೌಂಟ್ ಬಿಟ್ಟು ಬಂದರೆ ಯಾರೋ ಪುಕ್ಕಟೆ ಸಿನಿಮಾ ನೋಡಬಹುದು, ಹೆಚ್ಚೆಂದರೆ ಅಷ್ಟೇ ಎಂದುಕೊಂಡವನು ನಾನು. ಅವರು ಏನು ನೋಡುತ್ತಾರೆ ಎನ್ನುವುದರ ಜೊತೆ, ನಾನು ಏನೇನು ನೋಡಿದ್ದೆ ಎನ್ನುವುದೂ ಅವರ ಕಣ್ಣಿಗೆ ಬೀಳುತ್ತದೆ ಎಂಬುದು ತಲೆಗೇ ಹೊಳೆದಿರಲಿಲ್ಲ.

ಸುಳಿವು ಸಿಕ್ಕಿರಲಿಲ್ಲ ಎಂದಲ್ಲ. ನನ್ನ ಫೋನಿನ ಯೂಟ್ಯೂಬ್ ತುಂಬ ‘ಮೋಟು ಪತ್ಲು’ ಬರತೊಡಗಿದ್ದವು. ಪಕ್ಕದ ಮನೆಯ ಹುಡುಗ ಫೋನ್ ಮುಟ್ಟಿರಬೇಕು ಎಂದು ಸುಮ್ಮನಾಗಿದ್ದೆ.

ಭಾವ ವಿಷಯ ಬಾಯಿಬಿಟ್ಟ ಮೇಲೆ ಗಾಬರಿಯಲ್ಲಿ ಮೊದಲು ಪಾಸ್‌ವರ್ಡ್ ಬದಲಿಸಿದೆ. ಇಲ್ಲಿಯೂ ಎಡವಿದೆ. ಕೋಡ್ ತೋರಿಸಿ ಲಾಗಿನ್ ಮಾಡಿಸಿಕೊಳ್ಳುವ ಟಿವಿಗೆ ನಮ್ಮ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ. ನಾವು ಫೋನಿನಲ್ಲಿ ಒಪ್ಪಿಗೆ ಕೊಟ್ಟಾಗ ಸರ್ವರ್‌ನಿಂದ ಅದಕ್ಕೊಂದು ಟೋಕನ್ ಸಿಗುತ್ತದೆ. ಕೀಬೋರ್ಡ್ ಇಲ್ಲದ ಸಾಧನಗಳಿಗಾಗಿಯೇ ಈ ಪದ್ಧತಿ ಇದೆ. 2019ರಲ್ಲಿ ಆರ್‌ಎಫ್‌ಸಿ 8628 ಎಂಬ ಹೆಸರಿನಲ್ಲಿ ಅದು ಅಂತರ್ಜಾಲದ ಮಾನದಂಡವೂ ಆಯಿತು. ಆ ಟೋಕನ್ ರದ್ದಾಗುವ ತನಕ ಟಿವಿ ಖಾತೆಯೊಳಗೇ ಇರುತ್ತದೆ. ಬಾಗಿಲ ಬೀಗ ಬದಲಿಸಿದ ಮಾತ್ರಕ್ಕೆ ಒಳಗೆ ಚಾಪೆ ಹಾಕಿ ಕೂತ ನೆಂಟ ಎದ್ದು ಹೋಗುತ್ತಾನೆಯೇ? ಪಾಸ್‌ವರ್ಡ್ ಬದಲಿಸಿದರೆ ಗೂಗಲ್ ಬಹುತೇಕ ಕಡೆ ನಮ್ಮನ್ನು ಹೊರಹಾಕುತ್ತದೆ ನಿಜ, ಆದರೆ ಒಪ್ಪಿಗೆ ಕೊಟ್ಟ ಕೆಲವು ಸಾಧನಗಳು ಅದಕ್ಕೆ ಹೊರತು ಎಂದು ಅದೇ ಹೇಳುತ್ತದೆ. ಹಾಗಾಗಿ ಸಾಧನವನ್ನೇ ಹುಡುಕಿ ಎಬ್ಬಿಸಬೇಕು.

ಗೂಗಲ್ ಖಾತೆಯ ಭದ್ರತೆಯ ಪುಟದಲ್ಲಿ ನಮ್ಮ ಸಾಧನಗಳ ಪಟ್ಟಿ ಇರುತ್ತದೆ. ನನ್ನ ಫೋನು, ಲ್ಯಾಪ್‌ಟಾಪ್‌ಗಳ ಕೆಳಗೆ ನನ್ನದಲ್ಲದ ಒಂದು ಟಿವಿ ನಿರಾಳವಾಗಿ ಕೂತಿತ್ತು. ಸೈನ್ ಔಟ್ ಒತ್ತಿದೆ. ಯೂಟ್ಯೂಬ್‌ಗೆ ಮಾತ್ರ ಲಾಗಿನ್ ಆದೆ ಎಂದುಕೊಂಡಿದ್ದು ಇನ್ನೊಂದು ಭ್ರಮೆ. ಆಂಡ್ರಾಯ್ಡ್ ಟಿವಿಯಲ್ಲಿ ಖಾತೆ ಒಂದು ಆ್ಯಪ್‌ಗೆ ನಿಲ್ಲದೆ ಇಡೀ ಟಿವಿಗೇ ಸೇರಿಕೊಳ್ಳಬಹುದು. ಆಗ ಪ್ಲೇ ಸ್ಟೋರ್ ಕೂಡ ನಮ್ಮ ಹೆಸರಿನಲ್ಲೇ ತೆರೆಯುತ್ತದೆ. ರೂಮಿನಲ್ಲಿ ಇರುವಾಗಲೇ ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಯನ್ನು ತೆಗೆದುಹಾಕಿದ್ದರೆ ಅರ್ಧ ನಿಮಿಷದ ಕೆಲಸ.

ಬೇರೆ ಆ್ಯಪ್‌ಗಳಲ್ಲೂ ಇಂಥ ಬಾಗಿಲುಗಳಿವೆ, ಕಣ್ಣಿಗೆ ಬೀಳದ ಮೂಲೆಯಲ್ಲಿ. ನೆಟ್‌ಫ್ಲಿಕ್ಸ್ 2022ರ ನವೆಂಬರ್‌ನಿಂದ ಖಾತೆಯ ಪುಟದಲ್ಲೇ ಯಾವ ಸಾಧನದಲ್ಲಿ ನಮ್ಮ ಖಾತೆ ಓಡುತ್ತಿದೆ ಎಂದು ತೋರಿಸುತ್ತದೆ. ಬೇಡವಾದದ್ದನ್ನು ದೂರದಿಂದಲೇ ಕಿತ್ತುಹಾಕಬಹುದು. ಲಾಡ್ಜಿನ ಟಿವಿಯಲ್ಲಿ ಆ್ಯಪ್ ಸಿಕ್ಕಿಹಾಕಿಕೊಂಡು ಸೈನ್ ಔಟ್ ಎಲ್ಲಿದೆ ಎಂದೇ ಕಾಣದಿದ್ದರೆ ರಿಮೋಟಿನ ಬಾಣಗಳಲ್ಲಿ ಒಂದು ಮಂತ್ರವಿದೆ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಆಮೇಲೆ ನಾಲ್ಕು ಸಲ ಮೇಲೆ. ಅದನ್ನು ಒತ್ತಿದರೆ ಸೈನ್ ಔಟ್ ಆಯ್ಕೆಯಿರುವ ಪರದೆ ತೆರೆದುಕೊಳ್ಳುತ್ತದೆ. ಪ್ರೈಮ್ ವಿಡಿಯೋದಲ್ಲಿ ಸೆಟ್ಟಿಂಗ್ಸ್‌ನ ಸಾಧನಗಳ ಪಟ್ಟಿಯಿಂದ ಡಿರಿಜಿಸ್ಟರ್ ಮಾಡಬೇಕು. ಅಲ್ಲಿ ಸಿನಿಮಾ ಬಾಡಿಗೆಗೂ ಸಿಗುವುದರಿಂದ ಖರೀದಿಗೆ ಪಿನ್ ಹಾಕಿಡುವುದು ಒಳ್ಳೆಯದು, ಇಲ್ಲದಿದ್ದರೆ ಬಿಲ್ಲು ನಮ್ಮ ಕಾರ್ಡಿಗೆ.

ದೊಡ್ಡ ಹೋಟೆಲುಗಳಲ್ಲಿ ಈ ರಗಳೆ ಕಡಿಮೆ. ಅಲ್ಲಿನ ಟಿವಿಗಳು ಹೋಟೆಲಿಗೆಂದೇ ಮಾಡಿದವು. ರಿಸೆಪ್ಷನ್‌ನಲ್ಲಿ ಚೆಕ್ ಔಟ್ ನಮೂದಾದ ಕೂಡಲೇ ಹಿಂದಿನ ಅತಿಥಿಯ ಲಾಗಿನ್ ಅಳಿಸುವ ಏರ್ಪಾಡು ಹಲವು ಕಡೆ ಇರುತ್ತದೆ. ನಾವು ಇಳಿದುಕೊಳ್ಳುವ ಲಾಡ್ಜುಗಳಲ್ಲಿ, ಹೋಮ್‌ಸ್ಟೇಗಳಲ್ಲಿ ಇರುವುದು ಊರಿನ ಅಂಗಡಿಯಿಂದ ತಂದು ಗೋಡೆಗೆ ಹೊಡೆದ ಮಾಮೂಲಿ ಟಿವಿ. ಅದಕ್ಕೆ ಯಾರು ಬಂದರು, ಯಾರು ಹೋದರು ಎಂಬ ಪರಿವೆಯೇ ಇಲ್ಲ. ಈಗ ನಾನು ಸ್ವಂತ ಫೈರ್ ಟಿವಿ ಸ್ಟಿಕ್ ಒಯ್ಯುತ್ತೇನೆ. ಹೋಟೆಲ್ ವೈಫೈ ಕೇಳುವ ಲಾಗಿನ್ ಪುಟವನ್ನೂ ಅದು ನಿಭಾಯಿಸುತ್ತದೆ. ಕೆಲವು ಕಡೆ ಟಿವಿಯನ್ನು ಗೋಡೆಗೆ ಎಷ್ಟು ಅಂಟಿಸಿರುತ್ತಾರೆಂದರೆ ಎಚ್‌ಡಿಎಂಐ ಕಿಂಡಿಗೆ ಬೆರಳು ಹೋಗುವುದಿಲ್ಲ. ಆಗ ಲಾಗಿನ್ ಆಗದೆ, ಬನಿಯನ್ ಜಾಹೀರಾತಿನ ಸಮೇತ ತಾಳಮದ್ದಲೆ ಕೇಳುತ್ತೇವೆ. ಅಮ್ಮ ನನ್ನ ಪ್ರೀಮಿಯಂ ಬಗ್ಗೆ ಕುಹಕವಾಡುತ್ತಾಳೆ.

ಮೊನ್ನೆ ಚಿಕ್ಕಮಗಳೂರಿನ ಕಡೆ ಉಳಿದಿದ್ದಾಗ ರೂಮ್ ಬಾಯ್ ಲಗೇಜ್ ಇಳಿಸುತ್ತಾ, “ನೆಟ್‌ಫ್ಲಿಕ್ಸ್ ಇದೆ ಸರ್, ಫ್ರೀ” ಎಂದ. ತೆರೆದೆ. ಅಪ್ಪ, ಅಮ್ಮ, ಪುಟ್ಟಿ ಎಂದು ಮೂರು ಪ್ರೊಫೈಲ್. ಅಪ್ಪನದ್ದನ್ನು ತೆರೆದು ಅರ್ಧ ಎಪಿಸೋಡ್ ನೋಡಿಯೂಬಿಟ್ಟೆ. ಆಮೇಲೆ ಭಾವನ ದನಿ ನೆನಪಾಗಿ ಸೈನ್ ಔಟ್ ಮಾಡಿದೆ. ಬೆಳಗ್ಗೆ ಕಾಫಿ ತಂದ ಹುಡುಗನಿಗೆ ಅದನ್ನು ಹೇಳಿದರೆ ಅವನ ಮುಖ ಸಪ್ಪಗಾಯಿತು. “ಅಯ್ಯೋ, ಯಾಕ್ ಸರ್ ತೆಗೆದ್ರಿ? ದೀಪಾವಳಿಯಿಂದ ಎಲ್ಲ ಗೆಸ್ಟ್‌ಗೂ ಅದೇ ನಡೀತಿತ್ತು!”