ಬಿಗಿದುಕೊಂಡ ರಿವಾಲ್ವರು

1987ರ ಆಯುಧಪೂಜೆಯ ಹಿಂದಿನ ದಿನ ನಾನು ಸಕಲೇಶಪುರದ ಸಮೀಪ, ನನ್ನ ಪತ್ನಿಯ ಸೋದರಮಾವನವರ ಕಾಫಿ ಎಸ್ಟೇಟಿನಲ್ಲಿದ್ದೆ. ಅಂದು ನಡೆದುದನ್ನು ಆ ಕಾಲದಲ್ಲಿ ತರಗತಿಯಲ್ಲಿ ಹೇಳುವಂತಿರಲಿಲ್ಲ. ಏಕೆಂದರೆ ಕಥೆಯಲ್ಲಿನ ಹುಡುಗ ನನ್ನ ಒಂಬತ್ತನೆಯ ತರಗತಿಯಲ್ಲಿಯೇ ಕುಳಿತಿರುತ್ತಿದ್ದ.

ಮಾವನವರ ಬಳಿ ಪರವಾನಗಿಯುಳ್ಳ ಹಳೆಯ ರಿವಾಲ್ವರೊಂದಿತ್ತು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯದು, .32 ಬೋರಿನದು, ಆರು ಗುಂಡಿನದು. ಚಿಲಕವನ್ನು ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಸಿಲಿಂಡರಿನ ಹಿಂಬದಿಯಿಂದ ನಕ್ಷತ್ರಾಕಾರದ ತಟ್ಟೆಯೊಂದು ಮೇಲೆದ್ದು ಖಾಲಿ ತೋಟೆಗಳನ್ನು ಹೊರದಬ್ಬುತ್ತದೆ. ಅಂದು ಬೆಳಿಗ್ಗೆ ತೋಟೆ ತುಂಬಿ ಮುಚ್ಚಿದರೆ ಸಿಲಿಂಡರು ತಿರುಗಲೊಲ್ಲದು. ಟ್ರಿಗರ್ ಅರ್ಧಕ್ಕೇ ನಿಲ್ಲುತ್ತಿತ್ತು.

ಅಪರಾಧಿ ಆಗಲೇ ಸಿಕ್ಕಿಬಿದ್ದಿದ್ದ. ಎಸ್ಟೇಟಿನ ರೈಟರ ಮಗ ಪೂಜೆಗೆಂದು ಪೆಟ್ಟಿಗೆಯನ್ನು ತರುವಾಗ ಎಡವಿ ಬೀಳಿಸಿದ್ದನಂತೆ. ರೈಟರು ಕೈಮುಗಿದು ನಿಂತಿದ್ದರು. "ಒಳಗೇ ಏನೋ ಮುರಿದಿದೆ ಮೇಷ್ಟ್ರೇ. ಕಮ್ಮಾರನಿಂದ ಅರ ಹಾಕಿಸಬೇಕು. ಇವರ ಲೆಕ್ಕ ಹಬ್ಬವಾದ ಮೇಲೆ ತೀರಿಸುತ್ತೇನೆ" ಎಂದರು ಮಾವನವರು. ಬಿದ್ದದ್ದು ನಿಜ, ಕೆಟ್ಟದ್ದೂ ನಿಜ. ವಿಜ್ಞಾನದ ಮೇಷ್ಟರಾದ ನಾನೂ ಒಂದು ಗಳಿಗೆ ಎರಡನ್ನೂ ಗಂಟುಹಾಕಿಬಿಟ್ಟೆ.

ಅರ ಹಾಕಿದರೆ ಹೋದ ಲೋಹ ಮರಳಿ ಬಾರದು. ಅಲ್ಲದೆ 1959ರ ಶಸ್ತ್ರ ಕಾಯಿದೆಯ ಪ್ರಕಾರ ಅದಕ್ಕಾಗಿ ಪರವಾನಗಿ ಪಡೆದವರೇ ದುರಸ್ತಿ ಮಾಡಬೇಕು. ಮೊದಲು ನೋಡೋಣವೆಂದೆ. ಮಾವನವರು ತೋಟೆಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಟ್ಟರು. ಆರೂ ಗೂಡುಗಳನ್ನು ಇಬ್ಬರೂ ಎರಡೆರಡು ಸಲ ನೋಡಿದೆವು. ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೆ ಹಿಡಿದು ಅವರು ಟ್ರಿಗರನ್ನು ಮೆಲ್ಲನೆ ಎಳೆದರು. ಖಾಲಿ ಸಿಲಿಂಡರು ತಿರುಗಿತು! ಹಿಂದೆ ಹಾರಿಸಿ ಉಳಿದಿದ್ದ ಆರು ಖಾಲಿ ತೋಟೆಗಳನ್ನು ಹಾಕಿಸಿದೆ. ಮತ್ತೆ ಬಿಗಿ, ಆರೂ ಸ್ಥಾನಗಳಲ್ಲಿ ಒಂದೇ ಸಮನೆ.

ಅಲ್ಲಿಯೇ ನನಗೆ ಅನುಮಾನ ಹುಟ್ಟಿತು. ಬಿದ್ದ ಪೆಟ್ಟಿಗೆ ಸಿಲಿಂಡರಿನೊಡನೆ ತಿರುಗುವ ಯಾವುದಾದರೂ ಭಾಗ ಬಾಗಿದ್ದರೆ, ಸೊಟ್ಟಾದ ಸೈಕಲ್ ಚಕ್ರ ಸುತ್ತಿಗೊಮ್ಮೆ ಬ್ರೇಕಿಗೆ ಉಜ್ಜುವಂತೆ, ಒಂದೇ ಕಡೆ ಹಿಡಿಯಬೇಕಿತ್ತು. ತೋಟೆ ಇರಲಿ ಬಿಡಲಿ ಹಿಡಿಯಬೇಕಿತ್ತು. ತೋಟೆಯಿದ್ದಾಗ ಮಾತ್ರ ಬಿಗಿಯೆಂದರೆ ದೋಷವಿರುವುದು ತೋಟೆಯ ಬುಡ ಕೂರುವ ಜಾಗದಲ್ಲಿ.

ಆಗ ಹುಡುಗನ ಕಡೆ ತಿರುಗಿ ಕೇಳಿದೆ, ಅವನನ್ನು ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. "ಹೋದ ವರ್ಷವೂ ಅಯ್ಯ ಎರಡೂ ಕೈಯಲ್ಲಿ ಒತ್ತಿ ಮುಚ್ಚಿದ್ದರು ಸಾರ್" ಎಂದ.

ನಳಿಗೆಯನ್ನು ಬಾಗಿಸಿ ನಕ್ಷತ್ರದ ತಟ್ಟೆಯನ್ನು ಎತ್ತಿಸಿದೆ. ಅದರಡಿ ಕಲ್ಲಿನಂತೆ ಗಟ್ಟಿಯಾದ ಕೆಂಪು ಕಪ್ಪು ಮಡ್ಡಿ. ಮೂಸಿದರೆ ಗಂಧದ ಪರಿಮಳ! ಪ್ರತಿ ಆಯುಧಪೂಜೆಗೂ ಮಾವನವರು ಭಕ್ತಿಯಿಂದ ಲೇಪಿಸಿದ ಗಂಧ, ಕುಂಕುಮಗಳು ಎಣ್ಣೆಯಲ್ಲಿ ಕಲಸಿ, ಮದ್ದಿನ ಮಸಿಯೊಡನೆ ಸೇರಿ ತಟ್ಟೆಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಿದ್ದವು. ಆ ಎತ್ತರಕ್ಕೇ ತೋಟೆಯ ಬುಡ ಹಿಂಬದಿಯ ಉಕ್ಕಿಗೆ ಉಜ್ಜುತ್ತಿತ್ತು.

ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ, ಒಣಬಟ್ಟೆ, ಕೊನೆಗೆ ಹೊಲಿಗೆಯಂತ್ರದ ಎಣ್ಣೆ ಒಂದು ತೊಟ್ಟು. ಅರ್ಧ ಗಂಟೆಯ ಕೆಲಸ. ಖಾಲಿ ತೋಟೆಗಳೊಡನೆ ಸಿಲಿಂಡರು ಸರಾಗವಾಗಿ ಸುತ್ತಿತು. ಮಾವನವರು ಬಹಳ ಹೊತ್ತು ಬ್ರಷ್ಷಿಗೆ ಅಂಟಿದ್ದ ಕೆಂಪನ್ನೇ ನೋಡುತ್ತ ಕುಳಿತರು.

ಮರುದಿನ ಗಂಧ, ಕುಂಕುಮಗಳು ಪೆಟ್ಟಿಗೆಯ ಮುಚ್ಚಳಕ್ಕೆ ಮಾತ್ರ ಬಿದ್ದವು. ಹುಡುಗನೊಡನೆ ಅವರು ಒಂದು ಮಾತನ್ನೂ ಆಡಲಿಲ್ಲ; ಪ್ರಸಾದವನ್ನು ಮಾತ್ರ ಅವನಿಗೇ ಮೊದಲು ಕೊಟ್ಟರು. ಅದು ಅವನಿಗೆ ಸಾಕೆನಿಸಿತೇ ಎಂದು ನಾನು ಕೇಳಿಲ್ಲ.