ಝೆನ್ ಕಾರಿನ ಹಲ್ಲು ಎಣಿಸಿದ್ದು

ಎತ್ತಿನ ವಯಸ್ಸನ್ನು ಒಡೆಯನ ಬಾಯಿಂದ ಕೇಳದೆ ಎತ್ತಿನ ಬಾಯಲ್ಲಿಯೇ ನೋಡಬೇಕೆಂಬುದನ್ನು ನಮ್ಮ ಸವದತ್ತಿ, ರಾಮದುರ್ಗದ ಕಡೆಯ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಜಾತ್ರೆಯ ದನಗಳ ಪ್ರದರ್ಶನದಲ್ಲಿ ಹಾಲುಹಲ್ಲಿನ ಹೋರಿಗೆ ಒಂದು ಬಹುಮಾನ, ಎರಡು ಹಲ್ಲಿನದಕ್ಕೆ ಇನ್ನೊಂದು. ಹಾಗೆಯೇ ನಾಲ್ಕು, ಆರು, ಕೊನೆಗೆ ಬಾಯಿಗೂಡಿದ ಎತ್ತು. ಮೊದಲ ಜೋಡಿ ಹಲ್ಲು ಬರುವುದು ಎರಡು, ಎರಡೂವರೆ ವರ್ಷಕ್ಕೆ. ಬಾಯಿ ಕೂಡುವುದು ನಾಲ್ಕೂವರೆ, ಐದಕ್ಕೆ. ಮೈಕಟ್ಟು ನೋಡಿದರೆ ಇನ್ನೂ ಕರುವಿನಂತೆ ಕಾಣುವ ಹೋರಿಯಾದರೂ ಸರಿಯೇ, ನಾಲ್ಕು ಹಲ್ಲು ಬಂದಿದ್ದರೆ ಅದು ನಾಲ್ಕು ಹಲ್ಲಿನ ವರ್ಗದಲ್ಲಿಯೇ ನಿಲ್ಲಬೇಕು.

ಈ ಹಲ್ಲಿನ ಲೆಕ್ಕವನ್ನು ಒಂದು ಮೋಟಾರು ಕಾರಿಗೆ ಹಚ್ಚಿ ನೋಡುವ ಪ್ರಸಂಗ ನಿವೃತ್ತಿಯ ನಂತರ ನನಗೆ ಒದಗಿ ಬಂದಿತು. ನನ್ನ ಸೋದರಳಿಯ ಬೈಲಹೊಂಗಲದಲ್ಲಿ ಒಂದು ಚಿಕ್ಕ ಗ್ಯಾರೇಜು ನಡೆಸುತ್ತಾನೆ. ತೀರಿಕೊಂಡ ನನ್ನ ಭಾವನವರು ಬಿಟ್ಟುಹೋದ ಕೆಎ 24 ನೋಂದಣಿಯ ಹಳೆಯ ಮಾರುತಿ ಝೆನ್ ಕಾರನ್ನು ಅವನು ಮಾರಲಿಲ್ಲ. ಬಿಡುವಾದಾಗಲೆಲ್ಲ ಅದಕ್ಕೆ ಒಂದೊಂದು ಸುಧಾರಣೆ ಮಾಡುತ್ತ ಬಂದ. ಆಮೇಲೆ ಒಂದು ದಿನ, ಆಟೋಕ್ರಾಸ್ ಸ್ಪರ್ಧೆಗೆ ಹೆಸರು ಕೊಡುತ್ತೇನೆಂದು ನಿಯಮಗಳ ಹಾಳೆಗಳನ್ನು ಹಿಡಿದುಕೊಂಡು ನನ್ನ ಮನೆಗೆ ಬಂದ. ಇಂಗ್ಲಿಷಿನಲ್ಲಿದ್ದ ಆ ಹಾಳೆಗಳನ್ನು ಓದಿ ಹೇಳಲು ಮೇಷ್ಟ್ರು ಬೇಕಾಗಿತ್ತು.

ಆಟೋಕ್ರಾಸ್ ಎಂದರೆ ಹತ್ತಾರು ಕಾರುಗಳು ಒಟ್ಟಿಗೆ ನುಗ್ಗುವ ರೇಸ್ ಅಲ್ಲ. ನಮ್ಮ ದೇಶದಲ್ಲಿ ಬಹುಮಟ್ಟಿಗೆ ಮಣ್ಣಿನ ಬಯಲಿನಲ್ಲಿ ತಿರುವುಗಳ ಒಂದು ದಾರಿ ಗುರುತು ಹಾಕಿರುತ್ತಾರೆ; ಗಡಿಯಾರದ ವಿರುದ್ಧ ಓಡುವುದು ಅಲ್ಲಿಯ ಕ್ರಮ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ರವಿವಾರ ಖಾಲಿಬಿದ್ದ ವಿಶಾಲವಾದ ಪಾರ್ಕಿಂಗ್ ಜಾಗಗಳಲ್ಲಿ ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು ಇದೇ ಆಟ ಆಡುವುದನ್ನು ಕಂಡಿರಬಹುದು. ಅಲ್ಲಿಯ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ ನಿಯಮದಲ್ಲಿ ಒಂದು ಶಂಕು ಉರುಳಿದರೆ ಎರಡು ಸೆಕೆಂಡು ದಂಡ. ಅವರು ಕಾರುಗಳನ್ನು ಸ್ಟ್ರೀಟ್, ಸ್ಟ್ರೀಟ್ ಪ್ರಿಪೇರ್ಡ್, ಪ್ರಿಪೇರ್ಡ್, ಮಾಡಿಫೈಡ್ ಎಂದು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುತ್ತಾರೆ. ನಮ್ಮಲ್ಲಿ ಈ ಕ್ರೀಡೆಯನ್ನು ನಿಯಂತ್ರಿಸುವುದು ಚೆನ್ನೈನಲ್ಲಿ ಕಚೇರಿಯುಳ್ಳ ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟ. ಅದಲ್ಲದೆ ಪ್ರತಿಯೊಂದು ಸ್ಪರ್ಧೆಗೂ ಅದರದೇ ಪೂರಕ ನಿಯಮಗಳಿರುತ್ತವೆ. ಅಳಿಯ ತಂದ ಹಾಳೆಯಲ್ಲಿ 1100 ಸಿಸಿಯವರೆಗೆ, 1101ರಿಂದ 1400, 1401ರಿಂದ 1650, ಅದರಾಚೆಗೆ ಮುಕ್ತ ವರ್ಗ ಎಂದಿತ್ತು.

ಮೊದಲು ಸಿಸಿಯ ಲೆಕ್ಕ. ಸಿಲಿಂಡರಿನ ಘನಫಲವನ್ನು ಕಪ್ಪು ಹಲಗೆಯ ಮೇಲೆ ನಾನು ಎಷ್ಟು ಸಾರೆ ಬರೆದಿದ್ದೇನೋ! ಪೈ ಗುಣಿಲೆ ತ್ರಿಜ್ಯದ ವರ್ಗ ಗುಣಿಲೆ ಎತ್ತರ. ಹಿಂದಿನ ಬೆಂಚಿನಲ್ಲಿ ಕುಳಿತು ನಿದ್ದೆ ಮಾಡುತ್ತಿದ್ದವರು ಈಗಲಾದರೂ ಕಣ್ಣು ತೆರೆಯಬೇಕು. 1993ರಲ್ಲಿ ಬಂದ ಝೆನ್ ಕಾರಿನ ಇಂಜಿನ್ನಿಗೆ ನಾಲ್ಕು ಸಿಲಿಂಡರು. ಪ್ರತಿಯೊಂದರ ವ್ಯಾಸ 72 ಮಿಲಿಮೀಟರು, ಪಿಸ್ಟನ್ ಚಲಿಸುವ ದೂರ 61 ಮಿಲಿಮೀಟರು. ಗುಣಿಸಿ ನಾಲ್ಕರಿಂದ ಹೆಚ್ಚಿಸಿದರೆ 993 ಘನ ಸೆಂಟಿಮೀಟರು ಬರುತ್ತದೆ. ನೋಂದಣಿ ಪತ್ರದಲ್ಲಿರುವುದೂ ಅದೇ. ಆದರೆ ಇಂಜಿನ್ ಸವೆದಿದ್ದರಿಂದ ಅಳಿಯ ಬೋರಿಂಗ್ ಮಾಡಿಸಿ ಅರ್ಧ ಮಿಲಿಮೀಟರು ದೊಡ್ಡದಾದ ಪಿಸ್ಟನ್ ಹಾಕಿಸಿದ್ದ. ವ್ಯಾಸ 72.5 ಎಂದು ಹಿಡಿದರೆ ಘನಫಲ 1007. ಅರ್ಧ ಮಿಲಿಮೀಟರಿನಿಂದ ಕಾರು ಸಾವಿರದ ಗೆರೆ ದಾಟಿತ್ತು! ಗಡಿ 1100 ಆಗಿದ್ದರಿಂದ ಇಲ್ಲಿ ತೊಂದರೆಯಾಗಲಿಲ್ಲ. ಗಡಿ 1000 ಎಂದಿದ್ದರೆ ಸೂತ್ರವೇ ಅವನನ್ನು ಹೊರಗೆ ತಳ್ಳುತ್ತಿತ್ತು. ಅಂತರರಾಷ್ಟ್ರೀಯ ಒಕ್ಕೂಟದ ಗ್ರೂಪ್ ಎ ನಿಯಮಗಳು 0.6 ಮಿಲಿಮೀಟರಿನವರೆಗೆ ಬೋರಿಂಗನ್ನು ಒಪ್ಪುತ್ತಿದ್ದುದೂ ವರ್ಗದ ಗಡಿ ಮೀರಬಾರದೆಂಬ ಕರಾರಿನ ಮೇಲೆಯೇ.

ಟರ್ಬೊ ಇರುವ ಕಾರುಗಳ ಲೆಕ್ಕ ಇನ್ನೂ ಸ್ವಾರಸ್ಯಕರ. ಗಾಳಿಯನ್ನು ಒತ್ತಿ ತುಂಬುವ ಪೆಟ್ರೋಲ್ ಇಂಜಿನ್ನಿನ ಘನಫಲವನ್ನು ಅದೇ ಅಂತರರಾಷ್ಟ್ರೀಯ ಒಕ್ಕೂಟ 1.7ರಿಂದ ಗುಣಿಸುತ್ತದೆ. ಈಗಿನ 998 ಸಿಸಿಯ ಟರ್ಬೊ ಕಾರು ಆ ಲೆಕ್ಕದಲ್ಲಿ ಸುಮಾರು 1697 ಆಗುತ್ತದೆ. ಮೇಲೆ ಸಣ್ಣದಾಗಿ ಕಂಡರೂ ಬಾಯಿಗೂಡಿದ ಎತ್ತು.

ಅಳಿಯನ ಕಾರಿಗೆ ಟರ್ಬೊ ಇರಲಿಲ್ಲ. ಅವನು ಮಾಡಿದ ಬದಲಾವಣೆಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಲು ಹೇಳಿದೆ: ಬೇರೆ ಸೈಲೆನ್ಸರು, ಬಿಗಿಯಾದ ಶಾಕ್ ಅಬ್ಸಾರ್ಬರು, ಹೊಸ ಟಾಯರು, ಏರ್ ಫಿಲ್ಟರು, ಆ ಬೋರಿಂಗು, ತೆಗೆದುಹಾಕಿದ ಹಿಂದಿನ ಸೀಟು, ಕೊನೆಯದಾಗಿ ಬೇರೆ ಕ್ಯಾಮ್‌ಶಾಫ್ಟು. ಇಂಜಿನ್ನಿನ ಕವಾಟಗಳು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವ ದಂಡವದು.

ಇಂಥ ನಿಯಮಗಳನ್ನು ಓದುವ ರೀತಿ ನಮ್ಮ ಸಾಮಾನ್ಯ ಬುದ್ಧಿಗೆ ವಿರುದ್ಧವಾದುದು. ಬೇಡವೆಂದು ಎಲ್ಲಿಯೂ ಬರೆದಿಲ್ಲವಲ್ಲ, ಹಾಗಾದರೆ ಮಾಡಬಹುದು ಎಂದು ನಾವು ತಿಳಿಯುತ್ತೇವೆ. ಅಲ್ಲಿ ಹಾಗಲ್ಲ; ಮಾಡಬಹುದೆಂದು ಬರೆಯದಿರುವುದೆಲ್ಲ ನಿಷಿದ್ಧ. ಎರಡನೆಯದಾಗಿ, ಹತ್ತು ಬದಲಾವಣೆಗಳ ಸರಾಸರಿಯನ್ನು ಯಾರೂ ತೆಗೆಯುವುದಿಲ್ಲ. ಒಂಬತ್ತು ಕೆಳಗಿನ ವರ್ಗದಲ್ಲಿದ್ದು ಒಂದೇ ಒಂದು ಮೇಲಿನದಕ್ಕೆ ಸೇರಿದ್ದರೆ ಇಡೀ ಕಾರು ಮೇಲಕ್ಕೆ ಹೋಗುತ್ತದೆ. ಟಾಯರು, ಶಾಕ್ ಅಬ್ಸಾರ್ಬರು, ಸೈಲೆನ್ಸರು, ಫಿಲ್ಟರುಗಳಿಗೆ ಹಾಳೆಯಲ್ಲಿ ಅನುಮತಿ ಇತ್ತು. ತಯಾರಕರು ರಿಪೇರಿಗೆಂದು ಕೊಡುವ ಅಳತೆಯ ದೊಡ್ಡ ಪಿಸ್ಟನ್ನಿಗೂ ಇತ್ತು. ಕ್ಯಾಮ್‌ಶಾಫ್ಟು ಮತ್ತು ಹಿಂದಿನ ಸೀಟಿನ ವಿಷಯ ಮಾತ್ರ ಎಲ್ಲಿಯೂ ಇರಲಿಲ್ಲ. ಅವೆರಡರಿಂದಾಗಿ 1007 ಸಿಸಿಯ ಮುದಿ ಝೆನ್ ಮುಕ್ತ ವರ್ಗಕ್ಕೆ ಸೇರಿ, ತನಗಿಂತ ಒಂದೂವರೆ ಪಟ್ಟು ದೊಡ್ಡ ಇಂಜಿನ್ನುಗಳ ಜೊತೆ ಓಡಬೇಕಾಗಿತ್ತು.

ಅಳಿಯನ ಮುಖ ಸಣ್ಣದಾಯಿತು. ಕ್ಯಾಮ್‌ಶಾಫ್ಟಿಗಾಗಿ ಅವನು ಸಾಲ ಮಾಡಿದ್ದ. ಬಹುಮಾನ ಬಂದರೆ ಗ್ಯಾರೇಜಿಗೆ ನಾಲ್ಕು ಗಿರಾಕಿಗಳು ಹೆಚ್ಚು ಬಂದಾರೆಂಬ ಆಸೆಯೂ ಇತ್ತು.

“ಮಾಮಾ, ಫಾರ್ಮಿನ್ಯಾಗ ಸ್ಟಾಕ್ ಅಂತ ಬರದ ಕೊಡು ಅಂತಾರ ಗೆಳ್ಯಾರು. ಇಂಜಿನ್ ಬಿಚ್ಚಿ ನೋಡೋರು ಯಾರ ಅದಾರ್ರಿ?”

“ನಿನಗಿಂತ ಹಿಂದ ಬಿದ್ದಾಂವ ನೋಡತಾನ” ಎಂದೆ.

ಅದನ್ನು ನಾನು ಹೆದರಿಸಲು ಹೇಳಿದ್ದಲ್ಲ, ಹಾಳೆಯಲ್ಲಿಯೇ ಇತ್ತು. ಯಾವ ಸ್ಪರ್ಧಿಯೇ ಆಗಲಿ ಶುಲ್ಕ ಕಟ್ಟಿ ಇನ್ನೊಬ್ಬನ ಕಾರಿನ ಮೇಲೆ ಆಕ್ಷೇಪಣೆ ಸಲ್ಲಿಸಬಹುದು. ಆಗ ತಪಾಸಣಾಧಿಕಾರಿಯ ಎದುರಿನಲ್ಲಿ ಇಂಜಿನ್ ಬಿಚ್ಚುತ್ತಾರೆ. ಬೈಲಹೊಂಗಲದಂಥ ಊರಿನಲ್ಲಿ ಒಬ್ಬ ಮೇಸ್ತ್ರಿಯ ಬಂಡವಾಳವೆಂದರೆ ಸ್ಪ್ಯಾನರುಗಳಲ್ಲ, ಅವನ ಬಿಲ್ಲಿನ ಮೇಲೆ ಜನರಿಗಿರುವ ನಂಬಿಕೆ. ಒಳಗೆ ಒಂದು ಹಾಕಿ ಹೊರಗೆ ಒಂದು ಬರೆದವನೆಂದು ಸುದ್ದಿಯಾದರೆ ಮುಂದೆ ಅವನು ಹೊಸ ಬೇರಿಂಗ್ ಹಾಕಿದೆನೆಂದರೂ ಕಿತ್ತೂರಿನ ಗಿರಾಕಿ ಹಳೆಯದನ್ನು ತೋರಿಸೆಂದು ಕೇಳುತ್ತಾನೆ.

ಎಸ್ಟೀಮ್ ಕಾರಿನ 1298 ಸಿಸಿಯ ಇಂಜಿನ್ನನ್ನೇ ಇದರಲ್ಲಿ ಕೂಡಿಸಿ ಎರಡನೆಯ ವರ್ಗಕ್ಕೆ ಹೋದರೆ ಹೇಗೆಂಬ ಇನ್ನೊಂದು ಯೋಚನೆಯನ್ನೂ ಅವನು ಮುಂದಿಟ್ಟ. ಅದೇ ಕಾರಿನಲ್ಲಿ ರಸ್ತೆಯ ಮೇಲೆ ಓಡಾಡುವವನು ಅಷ್ಟು ಸುಲಭವಾಗಿ ಹಾಗೆ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಇಂಜಿನ್ ಬದಲಿಸುವುದಾದರೆ ನೋಂದಣಿ ಅಧಿಕಾರಿಯ ಅನುಮತಿ ಬೇಕು. ಆ ಯೋಚನೆ ಅಲ್ಲಿಗೇ ನಿಂತಿತು.

ಎರಡು ದಿನ ಅವನ ಸುದ್ದಿಯಿಲ್ಲ. ಮೂರನೆಯ ದಿನ ರಾಮದುರ್ಗಕ್ಕೆ ಹೋದನೆಂದು ತಿಳಿಯಿತು. ಕಾರಿನ ಮೂಲ ಕ್ಯಾಮ್‌ಶಾಫ್ಟನ್ನು ಅಲ್ಲಿಯ ಒಬ್ಬ ಗೆಳೆಯನಿಗೆ ಪುಕ್ಕಟೆಯಾಗಿ ಕೊಟ್ಟುಬಿಟ್ಟಿದ್ದನಂತೆ. ಈಗ ಹಣ ಕೊಟ್ಟು ಬಿಡಿಸಿಕೊಂಡು ಬಂದ. ಹೊಸದನ್ನು ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟ. ಹಿಂದಿನ ಸೀಟು ಮಾತ್ರ ಸುಲಭವಾಗಿ ಸಿಗಲಿಲ್ಲ. ಅದು ನನ್ನ ತಂಗಿಯ ಪಡಸಾಲೆಯಲ್ಲಿತ್ತು. ಎರಡು ವರ್ಷಗಳಿಂದ ಅವಳು ಅದರ ಮೇಲೆ ಕುಳಿತು ಮೆಂತ್ಯ ಪಲ್ಲೆ ಸೋಸುತ್ತಿದ್ದಳು.

1100 ಸಿಸಿಯ ವರ್ಗದಲ್ಲಿ ಅವನು ನಾಲ್ಕನೆಯವನಾಗಿ ಬಂದ. ಆಕ್ಷೇಪಣೆಯನ್ನು ಯಾರೂ ಸಲ್ಲಿಸಲಿಲ್ಲ. ಮೊದಲ ಮೂವರಿಗೆ ಕಪ್ಪು, ಇವನಿಗೆ ಒಂದು ಪ್ರಮಾಣಪತ್ರ. ಅದನ್ನು ಗ್ಯಾರೇಜಿನ ಗೋಡೆಗೆ ತೂಗುಹಾಕಿದ್ದಾನೆ. ಬರುವ ವರ್ಷವೂ ಅದೇ ವರ್ಗದಲ್ಲಿ ಓಡುವವನಿದ್ದಾನಾದ್ದರಿಂದ ಸೀಟು ಕಾರಿನಲ್ಲಿಯೇ ಇದೆ. ತಂಗಿ ಸಂತೆಯಿಂದ ಒಂದು ಮಣೆ ತರಿಸಿಕೊಂಡಿದ್ದಾಳೆ. ಅದರ ಹಣವನ್ನು ನನ್ನಿಂದಲೇ ವಸೂಲು ಮಾಡಿದಳು.