ಮಾಟುಂಗದಲ್ಲಿ ಒಂದು ಭಾನುವಾರ

ಊರಿನಿಂದ ನೆಂಟರು ಬಂದರೆ ಗೇಟ್‌ವೇ, ಹ್ಯಾಂಗಿಂಗ್ ಗಾರ್ಡನ್ ಮೊದಲಾದುವನ್ನು ತೋರಿಸಿ ಕಳುಹಿಸುವುದು ಮುಂಬಯಿ ಕನ್ನಡಿಗರ ಪದ್ಧತಿ. ಕಳೆದ ದಸರೆಯ ರಜೆಗೆ ಬೆಂಗಳೂರಿನಿಂದ ಬಂದ ನಮ್ಮ ಸೋದರಳಿಯ ಮಾತ್ರ, “ಮಾವ, ಅವೆಲ್ಲ ನೋಡಿದ್ದಾಯಿತು. ನೀವು ಹುಟ್ಟಿ ಬೆಳೆದ ಮಾಟುಂಗವನ್ನು ತೋರಿಸಿ” ಎಂದ. ತೋರಿಸುವುದಕ್ಕೆ ಇಲ್ಲಿ ಏನಿದೆ ಎಂದು ಮೊದಲು ನಮಗೇ ಅನ್ನಿಸಿತು. ಆದರೆ ಮೇಜಿನ ಖಾನೆಯಲ್ಲಿ ಒಂದು ಕಾಗದ ನಮ್ಮ ಸಹಿಗಾಗಿ ಮೂರು ವಾರದಿಂದ ಕಾದಿದ್ದಿತು. ನಾವಿರುವ ಹಳೆಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಲು ಬಾಡಿಗೆದಾರರ ಒಪ್ಪಿಗೆ ಕೇಳುವ ಕಾಗದ ಅದು. ಒಮ್ಮೆ ಎಲ್ಲ ಕಡೆ ಸುತ್ತಿ ಬಂದರೆ ಮನಸ್ಸು ಎಲ್ಲಿಯಾದರೂ ನಿಂತೀತೆಂದು ಭಾನುವಾರ ಬೆಳಗ್ಗೆ ಹೊರಟೆವು.

ಮೊದಲು ಮಧ್ಯ ರೈಲ್ವೆಯ ಸ್ಟೇಶನ್ನಿಗೆ ಹೋದೆವು. 2017ರಲ್ಲಿ ಟಿಕೆಟ್ ಕೊಡುವವರಿಂದ ಹಿಡಿದು ಸ್ಟೇಶನ್ ಮೇಲ್ವಿಚಾರಕರವರೆಗೆ ಎಲ್ಲರೂ ಮಹಿಳೆಯರೇ ಆದುದರಿಂದ ಈ ಸ್ಟೇಶನ್ನು ದೇಶದಲ್ಲೆಲ್ಲ ಹೆಸರಾಯಿತು. ಹೊರಗೆ ಬಂದರೆ, 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಮುಂದೆ ಹೂವಿನ ಅಂಗಡಿಗಳ ಸಾಲು. ಕನಕಾಂಬರ, ಮಲ್ಲಿಗೆ, ತುಳಸಿ, ಬಾಳೆಯೆಲೆ, ಹುರಿದ ಕಾಫಿಬೀಜ ಎಲ್ಲವೂ ಒಟ್ಟಿಗೆ ಮೂಗಿಗೆ ಬಡಿದಾಗ ಅಳಿಯ, “ಇದೇನು ಮಾವ, ಗಾಂಧೀಬಜಾರೇ ರೈಲು ಹತ್ತಿ ಬಂದಹಾಗಿದೆ!” ಎಂದ. ಅವನು ಹೇಳಿದ್ದರಲ್ಲಿ ತಮಾಷೆ ಎಷ್ಟಿತ್ತೋ ನಿಜವೂ ಅಷ್ಟೇ ಇದ್ದಿತು.

ಏಕೆಂದರೆ ಎರಡೂ ಬಡಾವಣೆಗಳ ಜಾತಕ ಒಂದೇ. 1896ರಲ್ಲಿ ಮುಂಬಯಿಯನ್ನು ಪ್ಲೇಗು ಹೊಕ್ಕಿತು, 1898ರಲ್ಲಿ ಬೆಂಗಳೂರನ್ನು. ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಜನ ಸತ್ತರು. ಅಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಆ ಕಾಲಕ್ಕೆ ಬೆಳೆದವು. ಇಲ್ಲಿ 1898ರಲ್ಲಿ ‘ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್’ ಹುಟ್ಟಿತು. ಹೊಲಗದ್ದೆ, ತೆಂಗಿನ ತೋಟಗಳಿದ್ದ ದಾದರ್, ಮಾಟುಂಗ, ಶಿವ, ವಡಾಲಗಳ ನೆಲವನ್ನು ಅದು ಕೊಂಡು, ಅಗಲವಾದ ಬೀದಿ ಹಾಕಿ, ಸಾಲುಮರ ನೆಟ್ಟು, ಮನೆ ಮನೆಗೂ ನಡುವೆ ಗಾಳಿಗೆ ದಾರಿ ಬಿಟ್ಟು ನಿವೇಶನಗಳನ್ನು ಮಾಡಿತು. ಮಾಟುಂಗವೆಂಬ ಹೆಸರು ‘ಮಾತಂಗ’ದಿಂದ ಬಂದದ್ದೆಂದೂ ಭೀಮರಾಜನ ಆನೆಗಳ ಲಾಯ ಇಲ್ಲಿದ್ದಿತೆಂದೂ ಪ್ರತೀತಿ. ಆನೆಗಳಿದ್ದುವೋ ಇಲ್ಲವೋ, ಪ್ಲೇಗಿನ ಇಲಿಯಂತೂ ನಮ್ಮ ಊರನ್ನು ಕಟ್ಟಿಸಿತು!

ಹಾಗೆ ಕಟ್ಟಿದ ಮನೆಗಳಿಗೆ ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು, ಉಪಾಧ್ಯಾಯರು ಬಿಡಾರ ತಂದರು. ಬಂದವರು ಸುಮ್ಮನೆ ಕೂಡಲಿಲ್ಲ. ಮೈಸೂರು ಅಸೋಸಿಯೇಶನ್ 1926ರಲ್ಲಿ, ದಕ್ಷಿಣ ಭಾರತೀಯರ ವಿದ್ಯಾಸಂಸ್ಥೆ 1932ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. 1937ರಲ್ಲಿ ರುಯಿಯಾ ಕಾಲೇಜು ಬಂದಿತು. 1963ರಲ್ಲಿ ಷಣ್ಮುಖಾನಂದ ಸಭಾಗೃಹ ತೆರೆಯಿತು. 1990ರಲ್ಲಿ ಅದು ಬೆಂಕಿಗೆ ತುತ್ತಾದಾಗ ಮನೆಯಲ್ಲಿ ಸಾವಾದಂತೆ ನಮ್ಮ ಬೀದಿಯೆಲ್ಲ ಮೌನವಾಗಿದ್ದುದು ನಮಗೆ ನೆನಪಿದೆ. 1998ರಲ್ಲಿ ಮತ್ತೆ ಬಾಗಿಲು ತೆರೆದಾಗ ಮಾತ್ರ, ಹೆಂಗಸರು ಕಂಚಿಯ ಸೀರೆ ತೆಗೆದರು.

ನಮ್ಮ ತಂದೆಯವರು ಮಾಟುಂಗಕ್ಕೆ ಬಂದದ್ದು 1946ರಲ್ಲಿ. ಒಂದು ಹಾಸಿಗೆ ಸುರುಳಿ, ಒಂದು ತಗಡಿನ ಪೆಟ್ಟಿಗೆ. ಕೋಟೆಯ ಆಫೀಸಿನಿಂದ ಕಿಂಗ್ಸ್ ಸರ್ಕಲ್‌ವರೆಗೆ ಟ್ರಾಮಿನಲ್ಲಿ ಬಂದು, ಉಳಿದದ್ದನ್ನು ನಡೆಯುತ್ತಿದ್ದರಂತೆ. ಮುಂಬಯಿಯ ಟ್ರಾಮು 1964ರ ಮಾರ್ಚ್ 31ರಂದು ಕಡೆಯ ಬಾರಿ ಓಡಿತು. ನಮ್ಮದು ಮೂರಂತಸ್ತಿನ ಮನೆ, ಹನ್ನೆರಡು ಸಂಸಾರ. ಬೀದಿಯ ಕಡೆಗೆ ದುಂಡಗೆ ಬಳುಕಿದ ಜಗಲಿಗಳು. ಒಬ್ಬರ ಮನೆಯ ಹಾಲು ಉಕ್ಕಿದರೆ ಎದುರು ಮನೆಯವರು ಕೂಗಿ ಹೇಳುತ್ತಿದ್ದರು. ಪರೀಕ್ಷೆಯ ಕಾಲದಲ್ಲಿ ಮಕ್ಕಳೆಲ್ಲ ಮೆಟ್ಟಿಲಮೇಲೆ ಕುಳಿತು ಓದುತ್ತಿದ್ದೆವು. ಮೇಲಿನ ಮನೆಯ ಮೇಷ್ಟರು ಇಳಿದು ಬರುವಾಗ ಒಂದೊಂದು ಲೆಕ್ಕ ಹೇಳಿಕೊಟ್ಟು ಹೋಗುತ್ತಿದ್ದರು.

ಅಂಥ ಹನ್ನೆರಡು ಸಂಸಾರಗಳಲ್ಲಿ ಈಗ ಉಳಿದಿರುವ ಹಳಬರು ನಾಲ್ಕು. ಮಿಕ್ಕವರು ಮುಲುಂದು, ಡೊಂಬಿವಲಿ, ನವಿ ಮುಂಬಯಿ ಎಂದು ಹಂಚಿಹೋದರು. ಯಾರೂ ಅವರನ್ನು ಅಟ್ಟಲಿಲ್ಲ. ಮಗನಿಗೆ ಮದುವೆಯಾದರೆ ಇನ್ನೊಂದು ಕೋಣೆ ಬೇಕು. ಮಾಟುಂಗದಲ್ಲಿ ಒಂದು ಕೋಣೆಗೆ ಕೇಳುವ ಹಣಕ್ಕೆ ದೂರದಲ್ಲಿ ಮನೆಯೇ ಬರುವುದು. ಗುಮಾಸ್ತರಿಗೆಂದು ಬೆಳೆದ ಊರಿನಲ್ಲಿ ಇಂದು ಗುಮಾಸ್ತನೊಬ್ಬ ಹೊಸದಾಗಿ ಬಂದು ನೆಲಸಲಾರ. ಬದಲಾವಣೆ ಎಂದರೆ ನಮಗೆ ಮುಖ್ಯವಾಗಿ ಕಾಣುವುದು ಇದು.

ಕಟ್ಟಡಗಳ ಕಥೆಯೂ ಇದೇ ಲೆಕ್ಕದಿಂದ ಹೊರಟದ್ದು. ಯುದ್ಧಕಾಲದಲ್ಲಿ ಬಾಡಿಗೆ ಏರಿತೆಂದು 1947ರ ಕಾನೂನು ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ನಮ್ಮಂಥವರು ಬದುಕಿದ್ದು ಅದರಿಂದಲೇ, ಉಪಕಾರವನ್ನು ಮರೆಯಬಾರದು. ಆದರೆ ಒಂದು ಊಟದ ಬೆಲೆಯೂ ಆಗದ ಬಾಡಿಗೆಯಿಂದ ಮಾಲಿಕನು ಸೂರನ್ನು ದುರಸ್ತಿ ಮಾಡಿಸುವುದೆಂತು? ಮಳೆಗಾಲದಲ್ಲಿ ನಮ್ಮ ನಡುಮನೆಯಲ್ಲಿ ಮೂರು ಬಕೀಟು ಇಡುವ ವಾಡಿಕೆ ಬಂದಿತು. ಈಗಿನ ನಿಯಮದಂತೆ, ಬಾಡಿಗೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೆ ಹಳೆಯ ಕಟ್ಟಡ ಕೆಡವಬಹುದು. ಹಳಬರಿಗೆ ಉಚಿತವಾಗಿ ಹೊಸ ಮನೆ. ಅದರ ಮೇಲೆ ಎಬ್ಬಿಸಿದ ಅಂತಸ್ತುಗಳನ್ನು ಕಟ್ಟುವವರು ಮಾರಿಕೊಳ್ಳುವರು. ಮೂರಂತಸ್ತು ಇದ್ದಲ್ಲಿ ಇಪ್ಪತ್ತು ಏಳುವುದು ಹೀಗೆ.

“ಹಾಗಾದರೆ ಜನ ಬಹಳ ಹೆಚ್ಚಿರಬೇಕು” ಎಂದ ಅಳಿಯ. ನಾವೂ ಹಾಗೆಯೇ ತಿಳಿದಿದ್ದೆವು. ಬೃಹನ್ಮುಂಬಯಿಯೇನೋ 1961ರಲ್ಲಿ 41 ಲಕ್ಷವಿದ್ದುದು 2011ಕ್ಕೆ 1 ಕೋಟಿ 24 ಲಕ್ಷವಾಯಿತು. ಆದರೆ ಮಾಟುಂಗವೂ ಸೇರಿದ ಹಳೆಯ ದ್ವೀಪನಗರದಲ್ಲಿ 2001ರಲ್ಲಿ 33 ಲಕ್ಷಕ್ಕೆ ಮಿಕ್ಕಿದ್ದ ಜನಸಂಖ್ಯೆ 2011ರಲ್ಲಿ 31 ಲಕ್ಷಕ್ಕೂ ಕಡಮೆಯಾಯಿತು. ಕಟ್ಟಡ ಮೇಲೇರಿತು, ಜನ ಕೆಳಗಿಳಿದರು! ಹತ್ತು ಜನ ಇದ್ದ ಎರಡು ಕೋಣೆಯ ಜಾಗದಲ್ಲಿ ಇಬ್ಬರು ಮೂವರು ವಿಶಾಲವಾಗಿ ಇರುವರು. ಬೀದಿಯಲ್ಲಿ ಹೆಚ್ಚಿದ್ದು ಮೋಟಾರುಗಳು.

ಹೀಗೆ ಮಾತಾಡುತ್ತ ಕಿಂಗ್ಸ್ ಸರ್ಕಲ್‌ಗೆ ಬಂದೆವು. ಹೋಟೆಲುಗಳ ಮುಂದೆ ಉದ್ದುದ್ದ ಸಾಲು. ಬಾಂದ್ರ, ಬೊರಿವಲಿ, ಠಾಣೆಗಳಿಂದ ಜನ ಇಡ್ಲಿ, ರವೆದೋಸೆಗಾಗಿ ಬಂದು ಹೆಸರು ಬರೆಸಿ ಒಂದು ಗಂಟೆ ನಿಲ್ಲುವರು. ಇದೇ ವಿಚಿತ್ರ: ಮಾಟುಂಗವನ್ನು ಮಾಟುಂಗ ಮಾಡಿದವರು ಕಡಮೆಯಾದಷ್ಟೂ ಅದನ್ನು ನೋಡಬಂದವರು ಹೆಚ್ಚಾದರು. ಅಳಿಯನಿಗೆ ಇದೇನೂ ಹೊಸದಲ್ಲ. “ನಮ್ಮ ಮಲ್ಲೇಶ್ವರದಲ್ಲೂ ಇದೇ ಕಥೆ ಮಾವ. ಕಾಫಿಗೆ ಬರುವವರಿಗೆ ಬರ ಇಲ್ಲ, ಸಂಪಿಗೆಮರ ನೆಡುವವರಿಲ್ಲ” ಎಂದ.

ಆದರೂ ಎಲ್ಲವೂ ಹಾಳಾಯಿತೆಂದು ಕಣ್ಣೀರಿಡುವುದು ನಮಗೆ ಒಪ್ಪಿಗೆಯಿಲ್ಲ. ಸರ್ಕಲ್ಲಿನ ಮೇಲ್ಸೇತುವೆಯ ಕೆಳಗೆ ನೋಡಿ. ಅಲ್ಲಿ ಕುಡುಕರು ಸೇರುವುದನ್ನೂ ಕಸ ಬೀಳುವುದನ್ನೂ ಸಹಿಸದೆ ನೆರೆಹೊರೆಯವರು ವರ್ಷಗಟ್ಟಲೆ ಹೋರಾಡಿದುದರ ಫಲವಾಗಿ 2016ರಲ್ಲಿ ಒಂದು ಉದ್ಯಾನ ಆಯಿತು. ನರ್ಮದಾ ನದಿಯ ಹರಿವಿನಂತೆ ಬಳುಕಿಸಿದ ಕಾಲುದಾರಿ. ಆ ಭಾನುವಾರ ಅಲ್ಲಿ ಗುಜರಾತಿ ಅಜ್ಜಿಯರೂ ತಮಿಳು ಅಜ್ಜಂದಿರೂ ನಮ್ಮವರೂ ಎಡೆಬಿಡದೆ ನಡೆಯುತ್ತಿದ್ದರು. ಊರಿನ ಮೇಲೆ ಮಮತೆ ಇರುವವರು ಹಳೆಯ ಬಾಡಿಗೆದಾರರೇ ಆಗಬೇಕಿಲ್ಲವಲ್ಲ.

ಅಲ್ಲಿಯ ಬೆಂಚಿನ ಮೇಲೆ ಕುಳಿತಾಗ ಇನ್ನೊಂದು ಮಾತು ಹೊಳೆಯಿತು. ನಮ್ಮ ತಂದೆಯವರಂಥವರಿಗೆ ಮನೆಯಾಗಲೆಂದು ಟ್ರಸ್ಟು ಕೊಂಡ ಗದ್ದೆಗಳಲ್ಲಿ ಉಳುತ್ತಿದ್ದವರು ಎಲ್ಲಿ ಹೋದರು? ಅವರಿಗೆ ನಮ್ಮ ಮೂರಂತಸ್ತಿನ ಮನೆಯೇ ಗಗನಚುಂಬಿಯಾಗಿ ಕಂಡಿರಬೇಕು. ‘ನಾವು ಬಂದ ಮೇಲೆ ಯಾರೂ ಬರಬಾರದು, ನಾವು ಕಂಡದ್ದು ಬದಲಾಗಬಾರದು’ ಎನ್ನುವುದು ಪ್ರೀತಿಯ ಮಾತಾದರೂ ನ್ಯಾಯದ ಮಾತಲ್ಲ.

ಮನೆಗೆ ಹಿಂದಿರುಗಿದಾಗ ಮೂರನೆಯ ಅಂತಸ್ತಿನ ವೃದ್ಧೆ ಮೆಟ್ಟಿಲಿನ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಎಂಬತ್ತೆಂಟು ವರ್ಷ. ಎರಡು ತಿಂಗಳಲ್ಲಿ ಅವರು ಕೆಳಗಿಳಿದದ್ದು ಅಂದೇ ಎಂದರು, ಹೂವು ಕೊಳ್ಳುವುದಕ್ಕಾಗಿ. “ಲಿಫ್ಟು ಬಂದರೆ ದಿನಾ ದೇವಸ್ಥಾನಕ್ಕೆ ಹೋದೇನು. ಸಹಿ ಹಾಕಿದಿರೇನಪ್ಪಾ?” ಎಂದು ಕೇಳಿದರು. ನಾವು ಜಗಲಿಯ ಚೆಲುವನ್ನು ಯೋಚಿಸುತ್ತಿದ್ದ ಮೂರು ವಾರವೂ ಅವರು ಮೆಟ್ಟಿಲನ್ನು ಎಣಿಸುತ್ತಿದ್ದರು!

ಅಂದು ಸಂಜೆಯೇ ಸಹಿ ಹಾಕಿದೆವು. ಜತೆಗೆ ಹಳಬರು ನಾಲ್ವರೂ ಸೇರಿ ಒಂದು ಕೋರಿಕೆಯನ್ನು ಬರೆದುಕೊಟ್ಟೆವು: ನೆಲ ಅಂತಸ್ತನ್ನೆಲ್ಲ ಮೋಟಾರುಗಳಿಗೆ ಬಿಡದೆ ಬೀದಿಯ ಕಡೆಗೆ ಒಂದು ಕಟ್ಟೆ ಕಟ್ಟಬೇಕು, ಅಂಗಳದ ಮಾವಿನಮರವನ್ನು ಕಡಿಯಬಾರದು. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ನಾವು ಬಿಡುವುದೂ ಇಲ್ಲ.

ಡೊಂಬಿವಲಿ, ಮುಲುಂದುಗಳಿಗೆ ಹೋದ ಬಂಧುಗಳಲ್ಲಿ ಒಂದು ಬಿನ್ನಹ. ಮನೆ ದೂರವಾದರೂ ಮಾಟುಂಗದ ಸ್ಟೇಶನ್ನು ಇದ್ದಲ್ಲೇ ಇದೆ. ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಕರೆತನ್ನಿ. ದೋಸೆ ತಿಂದು ಹಾಗೆಯೇ ಹಿಂದಿರುಗದೆ, ಸಂಘದ ಮೆಟ್ಟಿಲನ್ನೂ ಹತ್ತಿ. ಹೊಸ ಕಟ್ಟೆ ಕಟ್ಟಿದರೆ, ಅದರ ಮೇಲೆ ಕೂರುವವರೂ ಬೇಕಲ್ಲವೆ?